ಮಾರುತಿ 800ಕ್ಕೆ ಹಾಡಿನ ಪೆಟ್ಟಿಗೆ

ಶ್ರೀರಾಂಪುರದ ನಮ್ಮ ಮನೆಯ ಮುಂದೆ ಒಂದು ಬಿಳಿ ಮಾರುತಿ 800 ನಿಂತಿರುತ್ತದೆ. 1998ರಲ್ಲಿ ಕೊಂಡದ್ದು. ನಮ್ಮ ಗಲ್ಲಿಗೆ ಹೇಳಿ ಮಾಡಿಸಿದಂಥ ಗಾಡಿ. ಎದುರಿಗೆ ತರಕಾರಿ ತಳ್ಳುಗಾಡಿ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುವಷ್ಟು ಚಿಕ್ಕದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ, ಆರ್.ಸಿ. ನವೀಕರಿಸಿಕೊಂಡು ಬರುತ್ತಿದ್ದೇನೆ. ಅದರೊಳಗಿನ ಕ್ಯಾಸೆಟ್ ಪ್ಲೇಯರ್ ಮಾತ್ರ ಎಂದೋ ಬಾಯಿ ಮುಚ್ಚಿತ್ತು.

ಕಳೆದ ಬೇಸಿಗೆ ರಜೆಯ ಮೊದಲ ದಿನ, ಎಂಟನೇ ತರಗತಿ ಮುಗಿಸಿದ ಮೊಮ್ಮಗ ಕಾರಿನಲ್ಲಿ ಕೂತು ಆ ಪ್ಲೇಯರಿನ ಬಾಯೊಳಗೆ ಬೆರಳು ತೂರಿಸಿ ನೋಡಿದ.

"ತಾತಾ, ಇಲ್ಲೊಂದು ಟಚ್‌ಸ್ಕ್ರೀನ್ ಹಾಕೋಣ. ಎಲ್ಲರ ಕಾರಲ್ಲೂ ಇದೆ."

"ಅಂಗಡೀಲಿ ಸಿಗೋದನ್ನ ತಂದು ಹಾಕಿಸಿದರಾಯಿತಲ್ಲೋ" ಎಂದೆ.

"ಬೇಡ. ನಾವೇ ಮಾಡೋಣ."

ಈ ಮೂರು ಪದಕ್ಕೆ ನಾನು ಸೋತುಹೋದೆ.

ಮನೆಯಲ್ಲೇ ರೇಡಿಯೊ ಕಟ್ಟಿದ ಕಾಲ

ಮಕ್ಕಳೇ, ನಿಮ್ಮ ತಾತಂದಿರು ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಮನೆಯಲ್ಲೇ ರೇಡಿಯೊ ಜೋಡಿಸುವ ಹುಚ್ಚು ಬಹಳ ಜನಕ್ಕಿತ್ತು. 1960ರ ದಶಕದಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ರೇಡಿಯೊ ವಾಲ್ವ್, ಟ್ರಾನ್ಸಿಸ್ಟರ್‌ಗಳು ತಯಾರಾಗತೊಡಗಿದ್ದವು. ಬಿಡಿಭಾಗ ಕೊಂಡು ತಂದು, ಬೆಸುಗೆ ಕಡ್ಡಿ ಕಾಯಿಸಿ ಕೂತರೆ ಒಂದು ಭಾನುವಾರ ಕಳೆದದ್ದೇ ತಿಳಿಯುತ್ತಿರಲಿಲ್ಲ. ನಾನೂ ಗೆಳೆಯರ ಜೊತೆ ಒಂದು ಸೆಟ್ ಕಟ್ಟಿದ್ದೆ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು ಎಂದರೆ ಮೊಮ್ಮಗ ನಂಬಲೇ ಇಲ್ಲ. "ಹಾಡು ಕೇಳೋದಕ್ಕೆ ಲೈಸೆನ್ಸಾ!" ಎಂದು ಬಿದ್ದು ಬಿದ್ದು ನಕ್ಕ.

ಇದಕ್ಕಿಂತ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರವನ್ನು ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಮೇಷ್ಟ್ರೊಬ್ಬರು ಮನೆಯಲ್ಲಿ ರೇಡಿಯೊ ಕೇಂದ್ರವನ್ನೇ ಕಟ್ಟಬಹುದಾದರೆ, ತಾತ ಮೊಮ್ಮಗ ಸೇರಿ ಕಾರಿಗೊಂದು ಹಾಡಿನ ಪೆಟ್ಟಿಗೆ ಮಾಡಬಾರದೇ?

ಸಾವಿರ ವಾಟಿನ ಸುಳ್ಳು

ಮೊದಲು ಜೆ.ಸಿ. ರಸ್ತೆಗೆ ಹೋದೆವು. ಕಾರಿನ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು. ಒಂದು ಡಬ್ಬದ ಮೇಲೆ '1000 ವಾಟ್' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮೊಮ್ಮಗನ ಕಣ್ಣು ಅರಳಿತು. ನಾನು ಡಬ್ಬ ತಿರುಗಿಸಿ, ಸೆಟ್ಟಿನ ಬೆನ್ನಿಗೆ ಸಿಕ್ಕಿಸಿದ್ದ ಫ್ಯೂಸ್ ತೋರಿಸಿದೆ. ನೀಲಿ ಬಣ್ಣದ್ದು. ನೀಲಿ ಎಂದರೆ 15 ಆಂಪಿಯರ್.

"ಕಾರಿನ ಬ್ಯಾಟರಿ ಎಷ್ಟು ವೋಲ್ಟ್?"

"ಹನ್ನೆರಡು."

"ಹನ್ನೆರಡನ್ನ ಹದಿನೈದರಿಂದ ಗುಣಿಸು."

"ನೂರಾ ಎಂಬತ್ತು."

"ಅಂದರೆ 180 ವಾಟ್ ದಾಟಿದರೆ ಫ್ಯೂಸ್ ಸುಟ್ಟುಹೋಗಬೇಕು. ಸಾವಿರ ಎಲ್ಲಿಂದ ಬರುತ್ತೋ? ಖಾತೆಯಲ್ಲಿ 180 ರೂಪಾಯಿ ಇಟ್ಟುಕೊಂಡು ಸಾವಿರ ರೂಪಾಯಿಗೆ ಚೆಕ್ ಬರೆದ ಹಾಗಾಯಿತು."

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇಂಥ ಚೆಕ್ಕು ಬೇಗ ಕಣ್ಣಿಗೆ ಬೀಳುತ್ತದೆ. ಡಬ್ಬವನ್ನು ಅಲ್ಲೇ ಬಿಟ್ಟು ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ನಡೆದೆವು. ಎಲೆಕ್ಟ್ರಾನಿಕ್ ಬಿಡಿಭಾಗ ಬೇಕಾದವರು ಹೋಗುವುದು ಅಲ್ಲಿಗೇ.

ನಾವು ಕೊಂಡದ್ದು ಇಷ್ಟು: ರಾಸ್ಪ್‌ಬೆರ್ರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಏಳಿಂಚಿನ ಟಚ್‌ಸ್ಕ್ರೀನ್, ಎಫ್.ಎಂ. ರಿಸೀವರ್ ಬೋರ್ಡ್, ಒಂದು ಚಿಕ್ಕ ಆಂಪ್ಲಿಫೈಯರ್, ಎರಡು ಸ್ಪೀಕರ್, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಬೋರ್ಡ್, ವೈರು ಮತ್ತು ಫ್ಯೂಸ್. ಈ ರಾಸ್ಪ್‌ಬೆರ್ರಿ ಪೈ ಹುಟ್ಟಿದ್ದೇ ಮಕ್ಕಳಿಗಾಗಿ. ಶಾಲೆಯ ಮಕ್ಕಳು ಕಡಿಮೆ ಖರ್ಚಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪಿಸಿದರು. ಮಾರಾಟ ಶುರುವಾದದ್ದು 2012ರ ಫೆಬ್ರವರಿ 29ರಂದು. ಪಾಪ, ಅದಕ್ಕೆ ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ!

ಬ್ಯಾಟರಿ ಕಲಿಸಿದ ಪಾಠ

ವೈರು ಎಳೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆವು. ಕಂಪ್ಯೂಟರ್ ಮತ್ತು ಪರದೆಗೆ 15 ವಾಟ್, ಎರಡು ಸ್ಪೀಕರಿಗೆ 30 ವಾಟ್, ದಾರಿಯಲ್ಲಿ ಸೋರಿಹೋಗುವುದಕ್ಕೆ 5 ವಾಟ್. ಒಟ್ಟು 50. ಅದನ್ನು 12ರಿಂದ ಭಾಗಿಸಿದರೆ ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು. ಹಾಗಾಗಿ 7.5 ಆಂಪಿಯರಿನ ಕಂದು ಫ್ಯೂಸ್ ಸಾಕು. ಅದನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿದೆವು. ಎಲ್ಲೋ ವೈರಿನ ಸಿಪ್ಪೆ ಸುಲಿದು ತಗಡಿಗೆ ತಾಗಿದರೆ ಒಂದು ಕ್ಷಣದಲ್ಲಿ ನೂರಾರು ಆಂಪಿಯರ್ ಹರಿದು ವೈರು ಕೆಂಡವಾಗುತ್ತದೆ. ಫ್ಯೂಸ್ ದೂರದಲ್ಲಿದ್ದರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ.

ಪರದೆ ಕೂರಿಸುವುದು ಇನ್ನೊಂದು ಪರೀಕ್ಷೆ. ಹಳೆಯ ಪ್ಲೇಯರ್ ತೆಗೆದ ಕಿಂಡಿ ಸುಮಾರು 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ. ಜಗತ್ತಿನ ಬಹುತೇಕ ಹಳೆಯ ಕಾರುಗಳಲ್ಲಿ ಇದೇ ಅಳತೆ. ನಮ್ಮ ಪರದೆಯೋ 19 ಸೆಂಟಿಮೀಟರಿಗೂ ಅಗಲ, 11 ಸೆಂಟಿಮೀಟರ್ ಎತ್ತರ. ಹಳೆಯ ಚಪ್ಪಲಿ ಡಬ್ಬದ ರಟ್ಟಿನಲ್ಲಿ ಮೂರು ಬಾರಿ ಮಾದರಿ ಕತ್ತರಿಸಿದ ಮೇಲೆ ಪ್ಲೈವುಡ್ಡಿಗೆ ಗರಗಸ ಹಾಕಿದೆವು.

ಪರದೆ ಬೆಳಗಿದ ದಿನ ಮನೆಯವರೆಲ್ಲ ಕಾರಿನ ಸುತ್ತ ಸೇರಿದರು. ಅಜ್ಜಿ ಪೆನ್ಸಿಲಿನ ತುದಿಯಿಂದ ಒತ್ತಿದಳು, ಏನೂ ಆಗಲಿಲ್ಲ. ಬೆರಳಿಟ್ಟಳು, ಹಾಡು ಬಂತು. ಗಾಜಿನ ಮೇಲಿನ ಕಾಣದ ಪದರದಲ್ಲಿ ಸಣ್ಣ ವಿದ್ಯುತ್ ಹರಡಿರುತ್ತದೆ. ನಮ್ಮ ಮೈಯಲ್ಲಿ ವಿದ್ಯುತ್ ಹರಿಯಬಲ್ಲದಾದ್ದರಿಂದ ಬೆರಳಿಟ್ಟ ಜಾಗದಲ್ಲಿ ಅದು ಏರುಪೇರಾಗುತ್ತದೆ, ಪರದೆಗೆ ಗೊತ್ತಾಗುತ್ತದೆ. ಕಟ್ಟಿಗೆಯ ಪೆನ್ಸಿಲಿಗೆ ಆ ಗುಣವಿಲ್ಲ.

ಮೂರನೇ ದಿನ ಬೆಳಿಗ್ಗೆ ಗಾಂಧಿ ಬಜಾರಿಗೆ ಹೊರಟರೆ ಗಾಡಿ 'ಕಟಕಟ' ಎಂದು ಸುಮ್ಮನಾಯಿತು. ಬ್ಯಾಟರಿ ಖಾಲಿ! ಬೀದಿಯ ಹುಡುಗರು ತಳ್ಳಿ ಶುರು ಮಾಡಿಕೊಟ್ಟರು. ತಪ್ಪು ನಮ್ಮದೇ. ಕಂಪ್ಯೂಟರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ್ದೆವು. ಹಾಡು ನಿಂತರೂ ಅದು ಒಳಗೊಳಗೇ ಅರ್ಧ ಆಂಪಿಯರ್ ಕುಡಿಯುತ್ತಿತ್ತು. ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ. ಅರ್ಧರಿಂದ ಭಾಗಿಸಿದರೆ 70 ಗಂಟೆ, ಮೂರು ದಿನವೂ ಇಲ್ಲ.

ಹಾಗಾದರೆ ಕಾರಿನ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಹಾಗೆ ಮಾಡಿದರೆ? ಅದಕ್ಕೂ ತೊಡಕು. ಕರೆಂಟ್ ಥಟ್ಟನೆ ಕಡಿದರೆ ಕಂಪ್ಯೂಟರಿನ ಮೆಮೊರಿ ಕಾರ್ಡ್ ಕೆಡಬಹುದು. ಬ್ಯಾಂಕಿನಲ್ಲಿ ಬಾಗಿಲು ಹಾಕಿದ ಮೇಲೂ ಲೆಕ್ಕ ತಾಳೆಯಾಗುವ ತನಕ ನಾವು ಮನೆಗೆ ಹೋಗುತ್ತಿರಲಿಲ್ಲ. ಅದೇ ಉಪಾಯ ಇಲ್ಲೂ ಮಾಡಿದೆವು. ಕೀಲಿ ತೆಗೆದೊಡನೆ ಕಂಪ್ಯೂಟರಿಗೆ 'ಅಂಗಡಿ ಮುಚ್ಚು' ಎಂಬ ಸೂಚನೆ ಹೋಗುತ್ತದೆ. 40 ಸೆಕೆಂಡ್ ಕಳೆದ ಮೇಲೆ ಟೈಮರ್ ಇರುವ ರಿಲೇ ಕರೆಂಟ್ ಕಡಿಯುತ್ತದೆ. ಆ ಪ್ರೋಗ್ರಾಂ ಬರೆದವನು ಮೊಮ್ಮಗ. ನನಗೆ ಅದರ ಒಂದು ಸಾಲೂ ಅರ್ಥವಾಗಲಿಲ್ಲ.

ಆ ಒಂದು ಸಂಜೆ

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಒಂದು ಸಂಜೆ ಮಲ್ಲೇಶ್ವರದ ಎಂಟನೇ ಕ್ರಾಸಿನಿಂದ ಹಣ್ಣು ಹೂವು ಕೊಂಡು ವಾಪಸು ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಮೊಮ್ಮಗ. ವಿವಿಧ ಭಾರತಿ ಹಾಕೋಣ ಎಂದು 102.9 ಇರುವ ಗುಂಡಿಯನ್ನು ಪರದೆಯ ಮೇಲೆ ಹುಡುಕುತ್ತಿದ್ದೆ. ಒಮ್ಮೆ ಒತ್ತಿದೆ, ಬೇರೇನೋ ತೆರೆಯಿತು. ಮತ್ತೆ ಒತ್ತಿದೆ.

"ತಾತಾ!"

ಬ್ರೇಕ್ ಮೇಲೆ ಎರಡೂ ಕಾಲಿಟ್ಟೆ. ಕಾರು ಕಿರುಚಿ ನಿಂತಿತು. ಶ್ರೀರಾಂಪುರ ಮೆಟ್ರೋ ನಿಲ್ದಾಣದ ಕಡೆಯಿಂದ ಮಗುವಿನ ಕೈ ಹಿಡಿದು ರಸ್ತೆ ದಾಟುತ್ತಿದ್ದ ಒಬ್ಬಾಕೆ, ನಮ್ಮ ಬಂಪರಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರು. ಬೈಯಲಿಲ್ಲ. ಮಗುವನ್ನು ಎದೆಗವಚಿಕೊಂಡು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಮನೆಗೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಕಾರು ನಿಲ್ಲಿಸಿದ ಮೇಲೆ ಮೊಮ್ಮಗ ಮೆಲ್ಲನೆ, "ನಾನೇ ಆ ಗುಂಡಿಗಳನ್ನ ಅಷ್ಟು ಚಿಕ್ಕದಾಗಿ ಮಾಡಿದ್ದು" ಎಂದ. "ಇಲ್ಲ ಮರಿ, ಕಣ್ಣು ತೆಗೆದವನು ನಾನು" ಎಂದೆ.

ಸೀಮೆಸುಣ್ಣ, ಟೇಪು, ಗಡಿಯಾರ

ಮರುದಿನ ಬೆಳಿಗ್ಗೆ ಕಾರನ್ನು ನಿಲ್ಲಿಸಿಕೊಂಡೇ ಒಂದು ಪರೀಕ್ಷೆ ಮಾಡಿದೆವು. ಮೊಮ್ಮಗ ಫೋನಿನಲ್ಲಿ ಸಮಯ ಅಳೆದ. ಪರದೆಯ ಮೇಲೆ ಎಫ್.ಎಂ. ಗುಂಡಿ ಹುಡುಕಿ ಒತ್ತಲು ನನಗೆ ಮೂರು ಸೆಕೆಂಡ್ ಬೇಕಾಯಿತು. ಅವನಿಗೆ ಎರಡು. ಆಮೇಲೆ ಹಳೆಯ ಕ್ಯಾಸೆಟ್ ಪ್ಲೇಯರನ್ನು ಅದೇ ಜಾಗದಲ್ಲಿ ಹಿಡಿದು, ಕಣ್ಣು ಮುಚ್ಚಿ ಅದರ ತಿರುಗಿಸುವ ಗುಂಡಿಗೆ ಕೈ ಹಾಕಿದೆ. ಒಂದೇ ಸೆಕೆಂಡ್, ನೋಡುವ ಅಗತ್ಯವೇ ಇಲ್ಲ. ಬೆರಳಿಗೇ ದಾರಿ ಗೊತ್ತು.

ಈಗ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಮೂರು ಸೆಕೆಂಡಿಗೆ 25 ಮೀಟರ್. ಗಲ್ಲಿಯಲ್ಲಿ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಕ್ರಿಕೆಟ್ ಪಿಚ್ಚಿನ ಉದ್ದ 20 ಮೀಟರ್ ಚಿಲ್ಲರೆ. ಅದಕ್ಕಿಂತ ಉದ್ದ! ಇಷ್ಟು ದೂರ ನಾನು ಕಣ್ಣು ಮುಚ್ಚಿಕೊಂಡು ಕಾರು ಓಡಿಸಿದಂತೆ. ಗೆರೆಯ ಆ ತುದಿಯಲ್ಲಿ ನಿಂತ ಮೊಮ್ಮಗ ಚಿಕ್ಕವನಾಗಿ ಕಾಣುತ್ತಿದ್ದ.

ಈ ಚಿಂತೆ ಹೊಸದೇನಲ್ಲ. ಅಮೆರಿಕದಲ್ಲಿ ಗಾಲ್ವಿನ್ ಸೋದರರ ಕಂಪನಿ 1930ರಲ್ಲಿ 'ಮೊಟೊರೋಲಾ' ಎಂಬ ಕಾರ್ ರೇಡಿಯೊ ತಂದ ಹೊತ್ತಿಗೇ, ಇದರಿಂದ ಚಾಲಕರ ಗಮನ ತಪ್ಪುತ್ತದೆ, ನಿಷೇಧಿಸಿ ಎಂಬ ಕೂಗು ಅಲ್ಲಲ್ಲಿ ಎದ್ದಿತ್ತು. ಇಂದು ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ, 2026ರ ತನ್ನ ಹೊಸ ನಿಯಮಗಳಲ್ಲಿ ಹಾರ್ನ್, ಇಂಡಿಕೇಟರ್, ವೈಪರ್‌ನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ನಿಜವಾದ ಗುಂಡಿ ಇರಬೇಕೆಂದು ಒತ್ತಿ ಹೇಳಿದೆ. ಪರದೆಯ ಮೋಹದಲ್ಲಿ ಗುಂಡಿ ಮರೆತ ದೊಡ್ಡ ಕಂಪನಿಗಳೂ ನಮ್ಮ ಪಾಠವನ್ನೇ ಓದುತ್ತಿವೆ.

ಮತ್ತೆ ಬಿಚ್ಚಿ, ಮತ್ತೆ ಕಟ್ಟಿ

ಪ್ಲೈವುಡ್ಡಿನ ಚೌಕಟ್ಟನ್ನು ಬಿಚ್ಚಿದೆವು. ಪರದೆಯ ಕೆಳಗೆ ಎರಡು ತಿರುಗಿಸುವ ಗುಂಡಿ ಕೂರಿಸಿದೆವು. ಎಡಗಡೆಯದು ಸ್ಟೇಷನ್ನಿಗೆ, ಬಲಗಡೆಯದು ಶಬ್ದಕ್ಕೆ. ಕತ್ತಲಲ್ಲೂ ಗೊತ್ತಾಗಲೆಂದು ಒಂದಕ್ಕೆ ನುಣುಪು ತಲೆ, ಇನ್ನೊಂದಕ್ಕೆ ಗೀರು ಗೀರಿನ ತಲೆ. ಹ್ಯಾಂಡ್‌ಬ್ರೇಕಿನ ಕೆಳಗೆ ಪುಟ್ಟ ಸ್ವಿಚ್ ಇಟ್ಟೆವು. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ಪರದೆ ಪೂರ್ತಿ ಬೆಳಗುತ್ತದೆ. ಇಳಿಸಿದ ಕೂಡಲೇ ಕಪ್ಪಾಗಿ, ಮೂಲೆಯಲ್ಲಿ ಸಮಯವಷ್ಟೇ ಉಳಿಯುತ್ತದೆ. ಅಂಗಡಿಯ ಸೆಟ್ಟುಗಳಲ್ಲೂ ಇಂಥದೊಂದು ವೈರು ಇರುತ್ತದೆ. ಚಲಿಸುವಾಗ ಸಿನಿಮಾ ಕಾಣಲಿ ಎಂದು ಕೆಲವರು ಅದನ್ನು ಬೇಕೆಂದೇ ಬೇರೆಡೆ ಜೋಡಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಇನ್ನೊಂದು ರಿಪೇರಿ ನನ್ನದು. ಅವನಿಗೆ ಎರಡು ಸೆಕೆಂಡ್ ಸಾಕಾದದ್ದಕ್ಕೆ ನನಗೆ ಮೂರು ಏಕೆ ಬೇಕಾಯಿತು ಎಂಬ ಪ್ರಶ್ನೆ ಕೊರೆಯುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಈಗ ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ಬಾಕಿಯಿದೆ. ಪರೀಕ್ಷೆ ಮಾಡದೆ ಇದ್ದಿದ್ದರೆ 'ಪರದೆ ಸರಿಯಿಲ್ಲ' ಎಂದು ಇನ್ನಷ್ಟು ದಿನ ದೂರುತ್ತಿದ್ದೆನೋ ಏನೋ.

ಕಾರಿನ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟೆ. "ಆಪರೇಷನ್ ಆಗೋವರೆಗೆ ತಾನೇ ಮಾವ?" ಎಂದಳು. "ನೋಡೋಣಮ್ಮ" ಎಂದೆ. ಇಪ್ಪತ್ತೇಳು ವರ್ಷ ನಾನೇ ಹಿಡಿದ ಸ್ಟಿಯರಿಂಗ್. ಮೊದಲ ದಿನ ಎಡಗಡೆಯ ಸೀಟಿನಲ್ಲಿ ಕೂತಾಗ, ಇಲ್ಲದ ಬ್ರೇಕನ್ನು ಹತ್ತು ಸಲ ತುಳಿದೆ. ಈಗ ಅಭ್ಯಾಸವಾಗಿದೆ. ಹಾಡು ಬದಲಿಸುವುದು ಎಡಗಡೆ ಕೂತವರ ಕೆಲಸ ಎಂದು ಮೊಮ್ಮಗ ನಿಯಮ ಮಾಡಿದ್ದಾನೆ. ಹಾಗಾಗಿ ಎರಡೂ ಗುಂಡಿ ನನ್ನ ಸುಪರ್ದಿಯಲ್ಲಿವೆ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ಕಾರನ್ನು ನಿಲ್ಲಿಸಿಕೊಂಡು ಅಪ್ಪ, ಅಮ್ಮ, ತಾತನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ. 'ಹಾಡು ಬದಲಿಸಿ' ಎಂದು ಹೇಳಿ, ಅವರ ಕಣ್ಣು ಎಷ್ಟು ಸೆಕೆಂಡ್ ಕೆಳಗಿರುತ್ತದೆ ಎಂದು ಅಳೆಯಿರಿ. ಸೆಕೆಂಡಿಗೆ ಎಂಟು ಮೀಟರ್ ಎಂದು ಗುಣಿಸಿ, ಅಷ್ಟುದ್ದ ಗೆರೆ ಎಳೆದು ತೋರಿಸಿ. ನನ್ನ ವಯಸ್ಸಿನವರು ಇದ್ದರೆ ಅವರನ್ನು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಬರುವಾಗ ಎಡಗಡೆ ಸೀಟು ಅವರಿಗೇ ಬಿಡಿ, ಹಾಡು ಅವರೇ ಹಾಕಲಿ.