ಮಿದುಳಿನ ಗಾಯಕ್ಕೆ ಬದುಕಿನ ಕಟ್ಟುಪಾಡೂ ಮದ್ದು

ಫಿನಿಯಸ್ ಗೇಜ್‌ನ ಕಥೆಯನ್ನು ಬಹಳಷ್ಟು ಮಂದಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಮೊದಲರ್ಧ ಪ್ರಸಿದ್ಧ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುವಾಗ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ 25ರ ಹರೆಯದ ಮೇಸ್ತ್ರಿ ಗೇಜ್‌ನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಡಾ. ಜಾನ್ ಹಾರ್ಲೋ ಆರೈಕೆಯಲ್ಲಿ ಅವನು ಬದುಕುಳಿದ. ಆದರೆ ಮಾತು ಒರಟಾಯಿತು, ಹಟ ಹೆಚ್ಚಿತು, ಹಾಕಿಕೊಂಡ ಯೋಜನೆ ಯಾವುದೂ ನಿಲ್ಲದಾಯಿತು. ಇವನು ನಮ್ಮ ಗೇಜ್ ಅಲ್ಲ ಎಂದರು ಗೆಳೆಯರು. ಹಳೆಯ ಹುದ್ದೆಯೂ ಸಿಗಲಿಲ್ಲ.

ಉಳಿದರ್ಧ ನಡೆದದ್ದು ಚಿಲಿಯಲ್ಲಿ. 1852ರಲ್ಲಿ ಅಲ್ಲಿಗೆ ಹೋದ ಗೇಜ್, ಹಲವು ವರ್ಷ ವಾಲ್ಪರೈಸೊ–ಸ್ಯಾಂಟಿಯಾಗೊ ದಾರಿಯಲ್ಲಿ ಪ್ರಯಾಣಿಕರ ಕುದುರೆಗಾಡಿ ಓಡಿಸಿದ. ಕುದುರೆಗಳಿಗೆ ಮೇವು ಹಾಕುವುದು, ಗಾಡಿ ಹೂಡುವುದು, ಹೊತ್ತಿಗೆ ಸರಿಯಾಗಿ ಹೊರಡುವುದು, ಪ್ರಯಾಣಿಕರೊಡನೆ ಹದವಾಗಿ ನಡೆದುಕೊಳ್ಳುವುದು: ದಿನವೂ ಅದೇ ಕ್ರಮ. ಅಲ್ಲಿ ಅವನನ್ನು ಬಲ್ಲ ವೈದ್ಯರೊಬ್ಬರಿಗೆ ಅವನ ಬುದ್ಧಿಶಕ್ತಿಯಲ್ಲಿ ಕುಂದೇ ಕಾಣಲಿಲ್ಲ. ಗೇಜ್‌ನ ಬದುಕನ್ನು ದಶಕಗಳ ಕಾಲ ಶೋಧಿಸಿದ ಮನಶ್ಶಾಸ್ತ್ರಜ್ಞ ಮಾಲ್ಕಂ ಮ್ಯಾಕ್‌ಮಿಲನ್, ಈ ಕಟ್ಟುಪಾಡೇ ಅವನ ಸಾಮಾಜಿಕ ಚೇತರಿಕೆಗೆ ನೆರವಾಗಿರಬೇಕು ಎಂದು ವಾದಿಸಿದರು. 1860ರಲ್ಲಿ ಅಪಸ್ಮಾರದ ಸೆಳೆತಗಳಿಂದ ಗೇಜ್ ತೀರಿಕೊಂಡ. ಗಾಯ ಪೂರ್ತಿ ಮಾಯ್ದಿರಲಿಲ್ಲ ನಿಜ. ಆದರೂ ನಡುವಿನ ಆ ವರ್ಷಗಳಲ್ಲಿ ಅವನು ದುಡಿದು ಬಾಳಿದ.

ಇದರ ತರ್ಕ ಸರಳ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಯೋಜಿಸುವ, ತಾಳುವ, ಒಂದಾದ ಮೇಲೊಂದು ಕೆಲಸ ಮಾಡುವ ಶಕ್ತಿ ಕುಗ್ಗುತ್ತದೆ. ಒಳಗೆ ಕುಸಿದ ಆ ಕ್ರಮವನ್ನು ಹೊರಗಿನಿಂದ ಸ್ವಲ್ಪಮಟ್ಟಿಗಾದರೂ ಕಟ್ಟಿಕೊಡಬಹುದು.

ನಮ್ಮಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದು ಮನೆಗೆ ಮರಳುವ ಹುಡುಗನ ಹೊಲಿಗೆ ಒಣಗಿರುತ್ತದೆ, ನಡಿಗೆ ಸರಿಯಾಗಿರುತ್ತದೆ. ಆದ್ದರಿಂದ ಅವನ ದಣಿವು ಸೋಮಾರಿತನವಾಗಿ, ಸಿಡುಕು ಸೊಕ್ಕಾಗಿ ಕಾಣುತ್ತದೆ. ಬೈಗುಳ ಕೇಳಿ ಅವನು ಮುದುಡುತ್ತಾನೆ, ಗೆಳೆಯರು ದೂರವಾಗುತ್ತಾರೆ, ಖಿನ್ನತೆ ಕವಿಯುತ್ತದೆ. ಖಿನ್ನತೆ ಕವಿದವನಿಗೆ ವ್ಯಾಯಾಮವೂ ಬೇಡ, ಚಿಕಿತ್ಸೆಯೂ ಬೇಡ.

ಈ ಸುಳಿ ತಡೆಯಲು ಮನೆಯವರು ಮಾಡಬಹುದಾದದ್ದು ಬಹಳವಿದೆ. ದಿನಚರಿಯನ್ನು ಗೋಡೆಗೆ ಬರೆದು ಹಾಕಿ. ಒಮ್ಮೆಗೆ ಒಂದೇ ಕೆಲಸ ಹೇಳಿ, ನಡುನಡುವೆ ವಿಶ್ರಾಂತಿ ಕೊಡಿ. ತಡವಾದರೂ ಅವನ ಕೆಲಸ ಅವನೇ ಮಾಡಲಿ. ಮಂಕು ವಾರಗಟ್ಟಲೆ ಉಳಿದರೆ ಮನೋವೈದ್ಯರನ್ನು ಕಾಣಿ. ಆರೈಕೆ ಮಾಡುವ ತಾಯಿಗೋ ಹೆಂಡತಿಗೋ ಒಂದಿಷ್ಟು ಬಿಡುವು ಸಿಗಲಿ. ಅವರು ಸೋತರೆ ಚೇತರಿಕೆಯೂ ಸೋಲುತ್ತದೆ.

ಉದ್ಯೋಗ ಕೊಡುವವರಲ್ಲೂ ಒಂದು ಕೋರಿಕೆ: ಹಳೆಯ ಹುದ್ದೆ ಆಗದಿದ್ದರೆ ಹಗುರವಾದದ್ದೊಂದನ್ನು ಕೊಡಿ, ಅರ್ಧ ದಿನವಾದರೂ ಸರಿ. ಶಸ್ತ್ರಚಿಕಿತ್ಸೆ ಉಳಿಸಿದ ಜೀವಕ್ಕೆ ಬಾಳುವ ದಾರಿ ತೋರಿಸಬೇಕಾದವರು ನಾವೇ.