ಸರಣಿಯಿಂದ ಧಾರಾವಾಹಿಗೆ: ‘ಮ್ಯಾಕ್ಸ್ ಹೆಡ್‌ರೂಮ್’ನ ಮರುಕಲ್ಪನೆ

ಮುದ್ರಿತ ಕೃತಿಯೊಂದು ಓದುಗರ ಆದರಕ್ಕೆ ಪಾತ್ರವಾಗದೆ ಹೋದರೂ ಅದು ಪೂರ್ಣಗೊಂಡ ಕೃತಿಯಾಗಿಯೇ ಉಳಿಯುತ್ತದೆ. ಮುಂದೆಂದೋ ಒಬ್ಬ ವಿಮರ್ಶಕ ಅದನ್ನು ಕೈಗೆತ್ತಿಕೊಂಡು ಮರುಮೌಲ್ಯಮಾಪನ ಮಾಡುವ ಅವಕಾಶ ಇದ್ದೇ ಇರುತ್ತದೆ. ಟೆಲಿವಿಷನ್ ಕಥನದ ಸ್ಥಿತಿ ಹಾಗಲ್ಲ. ಅದು ರಚನೆಗೊಳ್ಳುತ್ತಿರುವಾಗಲೇ ಪ್ರಸಾರವಾಗುತ್ತದೆ. ಪ್ರಸಾರವಾಗುತ್ತಿರುವಾಗಲೇ ಅಳತೆಗೆ ಒಳಗಾಗುತ್ತದೆ. ಅಳತೆಯಲ್ಲಿ ಸೋತರೆ ನಡುವೆಯೇ ನಿಂತುಹೋಗುತ್ತದೆ. ಹೀಗೆ ನಿಂತ ಕಥನಗಳನ್ನು ಮತ್ತೆ ಕಟ್ಟುವುದಾದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆ ಉದ್ಯಮದ ಪ್ರಶ್ನೆ ಮಾತ್ರವಲ್ಲ. ಅದು ಕಥನಮೀಮಾಂಸೆಯ ಪ್ರಶ್ನೆಯೂ ಹೌದು. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1987ರಲ್ಲಿ ಆರಂಭವಾಗಿ ಕೇವಲ 14 ಕಂತುಗಳಿಗೆ ಮುಗಿದುಹೋದ ‘ಮ್ಯಾಕ್ಸ್ ಹೆಡ್‌ರೂಮ್’ ಎಂಬ ವೈಜ್ಞಾನಿಕ ಕಥನವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಎರಡು ಪದಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಪ್ರತಿ ಕಂತೂ ತನ್ನಷ್ಟಕ್ಕೆ ಪೂರ್ಣವಾದ ಕಥೆಯಾಗಿದ್ದು, ಪಾತ್ರಗಳೂ ಲೋಕವೂ ಕಂತಿನ ಕೊನೆಗೆ ಮೊದಲಿದ್ದಲ್ಲಿಗೇ ಮರಳುವ ರಚನೆಯನ್ನು ಇಲ್ಲಿ ‘ಸರಣಿ’ ಎಂದು ಕರೆಯಲಾಗಿದೆ. ಕಥೆ ಕಂತಿನಿಂದ ಕಂತಿಗೆ ಹರಿದು, ಹಿಂದಿನದರ ಪರಿಣಾಮ ಮುಂದಿನದರಲ್ಲಿ ಉಳಿಯುವ ರಚನೆಯನ್ನು ‘ಧಾರಾವಾಹಿ’ ಎನ್ನಲಾಗಿದೆ. ‘ಮ್ಯಾಕ್ಸ್ ಹೆಡ್‌ರೂಮ್’ನ ಲೋಕ ಧಾರಾವಾಹಿಯನ್ನು ಬೇಡುವಂಥದು, ಅದಕ್ಕೆ ದೊರೆತದ್ದು ಸರಣಿಯ ಆಕೃತಿ. ಈ ವಿಸಂಗತಿಯೇ ಮರುಕಲ್ಪನೆಯ ಆರಂಭಬಿಂದುವಾಗಬೇಕೆಂಬುದು ಈ ಲೇಖನದ ನಿಲುವು.

ಹಿನ್ನೆಲೆ

ಮ್ಯಾಕ್ಸ್ ಹೆಡ್‌ರೂಮ್ ಪಾತ್ರ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಚಾನೆಲ್ 4 ವಾಹಿನಿಗಾಗಿ ರಾಕಿ ಮಾರ್ಟನ್, ಆ್ಯನಬೆಲ್ ಜಾಂಕೆಲ್ ಮತ್ತು ಜಾರ್ಜ್ ಸ್ಟೋನ್ ಅವರು ಸಂಗೀತದ ವಿಡಿಯೋಗಳನ್ನು ಪರಿಚಯಿಸುವ ನಿರೂಪಕನೊಬ್ಬನನ್ನು ರೂಪಿಸಿದರು. ಅವನು ಕಂಪ್ಯೂಟರಿನೊಳಗೆ ಬದುಕುವ ತಲೆ. ಮಾತು ತೊದಲುತ್ತದೆ, ಚಿತ್ರ ಕದಲುತ್ತದೆ, ಹಾಸ್ಯ ಚುರುಕಾಗಿದೆ. ಈ ನಿರೂಪಕನಿಗೊಂದು ಪೂರ್ವಕಥೆಯನ್ನು ಒದಗಿಸಲು 1985ರ ಏಪ್ರಿಲ್‌ನಲ್ಲಿ ಒಂದು ಟೆಲಿಚಿತ್ರ ಪ್ರಸಾರವಾಯಿತು. ಅದರ ಕಾಲ ‘ಇಪ್ಪತ್ತು ನಿಮಿಷಗಳಷ್ಟು ಮುಂದಿನ ಭವಿಷ್ಯ’. ಎರಡು ವರ್ಷಗಳ ಬಳಿಕ ಇದೇ ಕಥೆಯನ್ನು ವಿಸ್ತರಿಸಿ ಎಬಿಸಿ ತನ್ನ ಸರಣಿಯನ್ನು 1987ರ ಮಾರ್ಚ್ 31ರಂದು ಆರಂಭಿಸಿತು. ಅದೇ ವರ್ಷದ ಶರತ್ಕಾಲದಲ್ಲಿ ಸರಣಿಯನ್ನು ಶುಕ್ರವಾರ ರಾತ್ರಿಗೆ, ‘ಡಲ್ಲಾಸ್’ ಮತ್ತು ‘ಮಯಾಮಿ ವೈಸ್’ಗಳಂಥ ಜನಪ್ರಿಯ ಕಾರ್ಯಕ್ರಮಗಳ ಎದುರಿಗೆ ಇಡಲಾಯಿತು. ಅಕ್ಟೋಬರ್ ವೇಳೆಗೆ ವಾಹಿನಿ ಅದನ್ನು ಕೈಬಿಟ್ಟಿತು.

ಗಮನಿಸಬೇಕಾದ ಸಂಗತಿಯೆಂದರೆ, ಕಂಪ್ಯೂಟರಿನಿಂದಲೇ ಸೃಷ್ಟಿಯಾದವನೆಂದು ಪ್ರೇಕ್ಷಕರು ನಂಬಿದ ಮ್ಯಾಕ್ಸ್ ವಾಸ್ತವವಾಗಿ ಮ್ಯಾಟ್ ಫ್ರೂವರ್ ಎಂಬ ನಟ. ಗಂಟೆಗಟ್ಟಲೆ ನಡೆಯುತ್ತಿದ್ದ ಮುಖದ ಪ್ರಸಾಧನ ಮತ್ತು ಹೊಳೆಯುವ ಗಡುಸಾದ ಉಡುಪಿನಿಂದ ಅವನು ಯಂತ್ರದ ಚಿತ್ರದಂತೆ ಕಾಣುತ್ತಿದ್ದ. ಅಂದರೆ ಅಂದು ಮನುಷ್ಯನೇ ಯಂತ್ರದ ವೇಷ ಧರಿಸಿದ್ದ. ಇಂದು ಯಂತ್ರವೇ ಮನುಷ್ಯನ ಮುಖ, ಧ್ವನಿಗಳನ್ನು ಧರಿಸಬಲ್ಲದು. ಸರಣಿಯನ್ನು ಮರುಕಲ್ಪಿಸುವವರು ಈ ತಿರುವುಮುರುವನ್ನು ಮರೆಯುವಂತಿಲ್ಲ.

ಕಥಾಲೋಕ ಮತ್ತು ಅದರ ವೈರುಧ್ಯ

ಆದರ್ಶಲೋಕದ ಕನಸು ತಿರುಗುಮುರುಗಾದ ಕಲ್ಪನಾಲೋಕವನ್ನು ಡಿಸ್ಟೋಪಿಯ ಎನ್ನುವುದು ರೂಢಿ. ಸಾಮಾನ್ಯವಾಗಿ ಅಲ್ಲಿ ಪ್ರಭುತ್ವ ವ್ಯಕ್ತಿಯನ್ನು ದಮನಿಸುತ್ತದೆ. ‘ಮ್ಯಾಕ್ಸ್ ಹೆಡ್‌ರೂಮ್’ನಲ್ಲಾದರೋ ಪ್ರಭುತ್ವದ ಸ್ಥಾನದಲ್ಲಿ ಟೆಲಿವಿಷನ್ ಜಾಲಗಳಿವೆ. ಚುನಾವಣೆಯ ಫಲಿತಾಂಶವನ್ನು ಪ್ರೇಕ್ಷಕರ ಸಂಖ್ಯೆ ನಿರ್ಧರಿಸುತ್ತದೆ. ಆರಿಸುವ ಗುಂಡಿಯುಳ್ಳ ಟಿವಿ ಇಟ್ಟುಕೊಳ್ಳುವುದು ಅಪರಾಧ. ಗಣಕದ ದಾಖಲೆಗಳಿಂದ ತಮ್ಮ ಗುರುತನ್ನು ಅಳಿಸಿಕೊಂಡವರು ‘ಬ್ಲ್ಯಾಂಕ್‌’ಗಳೆನಿಸಿ ನಗರದ ಅಂಚಿನಲ್ಲಿ ಬದುಕುತ್ತಾರೆ. ಮೊದಲ ಕಂತಿನಲ್ಲಿ ಪ್ರೇಕ್ಷಕರು ವಾಹಿನಿ ಬದಲಿಸದಂತೆ ಜಾಹೀರಾತುಗಳನ್ನು ಮೂರು ಸೆಕೆಂಡುಗಳಿಗೆ ಸಂಕ್ಷೇಪಿಸಿ ಬಿತ್ತರಿಸಲಾಗುತ್ತದೆ. ಅದನ್ನು ತಾಳಲಾರದೆ ಕೆಲವರ ದೇಹಗಳು ಸ್ಫೋಟಗೊಳ್ಳುತ್ತವೆ. ಇದನ್ನು ಪತ್ತೆಹಚ್ಚಿದ ‘ನೆಟ್‌ವರ್ಕ್ 23’ರ ವರದಿಗಾರ ಎಡಿಸನ್ ಕಾರ್ಟರ್ ತಪ್ಪಿಸಿಕೊಂಡು ಹೋಗುವಾಗ ವಾಹನ ನಿಲುಗಡೆಯ ಅಡ್ಡಗಂಬಕ್ಕೆ ಬಡಿದು ಪ್ರಜ್ಞೆ ತಪ್ಪುತ್ತಾನೆ. ಅವನಿಗೆ ತಿಳಿದಿರುವುದೆಷ್ಟು ಎಂಬುದನ್ನು ಅರಿಯಲು ಅವನ ಸ್ಮೃತಿಯನ್ನು ಗಣಕಕ್ಕೆ ಇಳಿಸಲಾಗುತ್ತದೆ. ಆ ಪ್ರತಿಯೇ ಮ್ಯಾಕ್ಸ್. ಎಡಿಸನ್ ಕೊನೆಯದಾಗಿ ಕಂಡದ್ದು ಗಂಬದ ಮೇಲೆ ಬರೆದಿದ್ದ, ವಾಹನದ ಗರಿಷ್ಠ ಎತ್ತರವನ್ನು ಸೂಚಿಸುವ ಪದಗಳು. ಅವೇ ಪ್ರತಿಯ ಹೆಸರಾಗುತ್ತವೆ.

ಇಷ್ಟು ಸಮೃದ್ಧವಾದ ಬೀಜವಿದ್ದರೂ ಅದು ಸರಣಿಯಾಗಿ ಬೆಳೆಯಲಿಲ್ಲ. ಮೊದಲ ಕಂತಿನ ಕೊನೆಯಲ್ಲಿ ದುಷ್ಟ ಅಧ್ಯಕ್ಷ ಗ್ರಾಸ್‌ಬರ್ಗ್ ಪದಚ್ಯುತನಾಗುತ್ತಾನೆ. ತಕ್ಕಮಟ್ಟಿಗೆ ಸಜ್ಜನನಾದ ಚೆವಿಯಟ್ ಅಧ್ಯಕ್ಷನಾಗುತ್ತಾನೆ. ಸಂಸ್ಥೆ ಎಂದಿನಂತೆ ಮುಂದುವರಿಯುತ್ತದೆ. ಮುಂದಿನ ಕಂತುಗಳಲ್ಲಿ ಅಂಗಾಂಗಗಳಿಗಾಗಿ ಬಡವರನ್ನು ಅಪಹರಿಸುವವರು, ಕನಸುಗಳನ್ನು ಕದ್ದು ಮಾರುವವರು, ಸತ್ತವರಿಗೆ ಪುನರ್ಜನ್ಮದ ಆಸೆ ತೋರಿಸುವ ಧಾರ್ಮಿಕ ವಾಹಿನಿ ಹೀಗೆ ಒಂದೊಂದು ಕೇಡು ಬಯಲಾಗುತ್ತದೆ. ಪ್ರತಿ ಬಾರಿಯೂ ಎಡಿಸನ್ ಅದನ್ನು ನೇರ ಪ್ರಸಾರದಲ್ಲಿ ತೋರಿಸುತ್ತಾನೆ, ಸಮಸ್ಯೆ ಬಗೆಹರಿಯುತ್ತದೆ. ಆದರೆ ಈ ಲೋಕದ ರೋಗವೇ ಟೆಲಿವಿಷನ್ನಿನ ಸರ್ವವ್ಯಾಪಿತ್ವ. ರೋಗವನ್ನು ರೋಗದ ವಾಹಕದಿಂದಲೇ ಗುಣಪಡಿಸುವ ಈ ಕ್ರಮ ವೈರುಧ್ಯಪೂರ್ಣವಾದುದು. ಸರಣಿ ಈ ವೈರುಧ್ಯವನ್ನು ಆಗಾಗ ವ್ಯಂಗ್ಯದಿಂದ ಮುಟ್ಟುತ್ತದೆಯೇ ಹೊರತು ಅದನ್ನೇ ಕಥೆಯನ್ನಾಗಿಸುವುದಿಲ್ಲ.

ನಾಟ್ಯಶಾಸ್ತ್ರದ ಪಂಚಸಂಧಿಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಲ್ಲವೂ ಒಂದು ಗಂಟೆಯ ಕಂತಿನಲ್ಲಿಯೇ ಮುಗಿದುಹೋಗುತ್ತವೆ. ಮರುವಾರ ಮತ್ತೆ ಮುಖಸಂಧಿ. ಬೀಜ ಮರೆಯಾಗಿ, ಮತ್ತೆ ಕಾಣಿಸಿಕೊಂಡು, ಸಂಕಟಕ್ಕೆ ಸಿಲುಕಿ ಫಲಿಸುವ ದೀರ್ಘಯಾನಕ್ಕೆ ಎಡೆಯೇ ಇಲ್ಲ. ಪ್ರಸಾರದ ಸಮಯ, ಪ್ರತಿಸ್ಪರ್ಧೆಗಳು ಸರಣಿಯ ಅಂತ್ಯಕ್ಕೆ ಬಾಹ್ಯ ಕಾರಣಗಳಾದರೆ, ಇದು ಅದರ ಆಂತರಿಕ ಕಾರಣ. ಪ್ರೇಕ್ಷಕ ಒಂದು ವಾರ ತಪ್ಪಿಸಿಕೊಂಡರೂ ಏನನ್ನೂ ಕಳೆದುಕೊಳ್ಳದ ಕಥನಕ್ಕೆ ಅವನು ಮರಳಿ ಬರಲೇಬೇಕಾದ ಒತ್ತಾಯವೂ ಇರುವುದಿಲ್ಲ.

ಪೂರ್ವನಿದರ್ಶನಗಳು

ಅಲ್ಪಾಯುಷಿ ಕಥನಗಳು ಮರುಕಲ್ಪನೆಯಿಂದ ದೀರ್ಘ ಬಾಳನ್ನು ಪಡೆದ ನಿದರ್ಶನಗಳಿವೆ. ಎಬಿಸಿಯಲ್ಲಿಯೇ 1978ರಲ್ಲಿ ಆರಂಭವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕ’ ತನ್ನ ಮೂಲರೂಪದಲ್ಲಿ ಒಂದೇ ಆವೃತ್ತಿಗೆ ನಿಂತಿತ್ತು. ರೊನಾಲ್ಡ್ ಡಿ. ಮೂರ್ ಅವರ ನೇತೃತ್ವದಲ್ಲಿ 2003ರ ಕಿರುಸರಣಿಯಾಗಿ ಮರುಹುಟ್ಟು ಪಡೆದು, 2004ರಿಂದ 2009ರವರೆಗೆ ನಾಲ್ಕು ಆವೃತ್ತಿಗಳಲ್ಲಿ ಮುಂದುವರಿಯಿತು. ಮೂಲದಲ್ಲಿ ಶತ್ರುಯಂತ್ರಗಳು ಅನ್ಯಲೋಕದ ಜೀವಿಗಳ ಸೃಷ್ಟಿ. ಹೊಸತರಲ್ಲಿ ಮನುಷ್ಯರದೇ ಸೃಷ್ಟಿ, ಮನುಷ್ಯರಂತೆಯೇ ಕಾಣುವವು. ಈ ಒಂದು ಬದಲಾವಣೆಯಿಂದ ಹೊರಗಿನ ಯುದ್ಧ ಒಳಗಿನ ಸಂಶಯವಾಯಿತು. ಬದುಕುಳಿದವರ ಸಂಖ್ಯೆಯನ್ನು ಪ್ರತಿ ಕಂತಿನ ಆರಂಭದಲ್ಲಿ ತೋರಿಸುವ ಸರಳ ತಂತ್ರ, ಈ ಲೋಕಕ್ಕೆ ನೆನಪಿದೆ ಎಂಬುದನ್ನು ಪ್ರೇಕ್ಷಕನಿಗೆ ಮನದಟ್ಟು ಮಾಡಿತು. ಹಾಗೆಯೇ 1973ರ ‘ವೆಸ್ಟ್‌ವರ್ಲ್ಡ್’ ಚಲನಚಿತ್ರವನ್ನು ಆಧರಿಸಿ ಸಿಬಿಎಸ್ 1980ರಲ್ಲಿ ಪ್ರಸಾರ ಮಾಡಿದ ಸರಣಿ ಮೂರೇ ಕಂತುಗಳಿಗೆ ನಿಂತಿತು. ಅದೇ ವಸ್ತು ಎಚ್‌ಬಿಒದಲ್ಲಿ 2016ರಿಂದ 2022ರವರೆಗೆ ನಾಲ್ಕು ಆವೃತ್ತಿಗಳನ್ನು ಕಂಡಿತು. ಅಲ್ಲಿ ಕಥೆ ಯಂತ್ರಮಾನವರ ಪ್ರಜ್ಞೆಯ ಕಡೆಯಿಂದ ನಿರೂಪಿತವಾಯಿತು.

ಈ ಎರಡೂ ನಿದರ್ಶನಗಳಲ್ಲಿ ತಾಂತ್ರಿಕ ವೈಭವ ಹೆಚ್ಚಿರುವುದು ನಿಜ. ಆದರೆ ನಿರ್ಣಾಯಕವಾದುದು ಅದಲ್ಲ. ಮೂಲದಲ್ಲಿ ಹಿನ್ನೆಲೆಯಾಗಿದ್ದ ಪ್ರಶ್ನೆಯೊಂದನ್ನು ಹೊಸ ರೂಪ ಮುನ್ನೆಲೆಗೆ ತಂದಿತು ಎಂಬುದೇ ಮುಖ್ಯ. ಇನ್ನೊಂದು ಬಗೆಯ ಪಾಠ ಸಿಬಿಎಸ್‌ನ ‘ಪರ್ಸನ್ ಆಫ್ ಇಂಟರೆಸ್ಟ್’ನಲ್ಲಿದೆ. 2011ರಿಂದ 2016ರವರೆಗೆ 103 ಕಂತುಗಳಲ್ಲಿ ಪ್ರಸಾರವಾದ ಈ ಕಥನ ವಾರಕ್ಕೊಂದು ಪ್ರಕರಣದ ಸರಣಿಯಾಗಿ ಆರಂಭವಾಗಿ, ಸರ್ವರನ್ನೂ ಗಮನಿಸುವ ಯಂತ್ರವನ್ನು ಕುರಿತ ಧಾರಾವಾಹಿಯಾಗಿ ಕ್ರಮೇಣ ರೂಪಾಂತರಗೊಂಡಿತು. ಸರಣಿ ಮತ್ತು ಧಾರಾವಾಹಿಗಳು ಪರಸ್ಪರ ವಿರೋಧಿಗಳಾಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಮರುಕಲ್ಪನೆಯ ನೆಲೆಗಳು

ಈ ಹಿನ್ನೆಲೆಯಲ್ಲಿ ‘ಮ್ಯಾಕ್ಸ್ ಹೆಡ್‌ರೂಮ್’ನ ಮರುಕಲ್ಪನೆಗೆ ನಾಲ್ಕು ನೆಲೆಗಳನ್ನು ಸೂಚಿಸಬಹುದು.

ಮೊದಲನೆಯದು, ಲೋಕಕ್ಕೆ ನೆನಪನ್ನು ಕೊಡುವುದು. ಎಡಿಸನ್ನನ ಪ್ರತಿ ವರದಿಯೂ ಒಬ್ಬ ಖಳನನ್ನು ಕೆಡವುತ್ತದೆ. ಅದೇ ವೇಳೆ ನೆಟ್‌ವರ್ಕ್ 23ರ ಪ್ರೇಕ್ಷಕರನ್ನೂ ಹೆಚ್ಚಿಸುತ್ತದೆ. ಸತ್ಯ ಹೇಳಿದಷ್ಟೂ ಸಂಸ್ಥೆ ಬಲಿಯುತ್ತದೆ ಎಂಬ ಲೆಕ್ಕ ಕಂತಿನಿಂದ ಕಂತಿಗೆ ಸೇರುತ್ತ ಹೋಗಬೇಕು. ಆಗ ಪ್ರಾಮಾಣಿಕ ವರದಿಗಾರನೇ ತನಗರಿವಿಲ್ಲದೆ ಈ ವ್ಯವಸ್ಥೆಯ ಆಧಾರಸ್ತಂಭನಾಗುವ ದುರಂತ ರೂಪುಗೊಳ್ಳುತ್ತದೆ.

ಎರಡನೆಯದು, ಮ್ಯಾಕ್ಸ್‌ನನ್ನು ವಿದೂಷಕನ ಸ್ಥಾನದಿಂದ ಕಥೆಯ ಕೇಂದ್ರಕ್ಕೆ ತರುವುದು. ಅವನು ಯಾರ ಸ್ವತ್ತು? ಒಬ್ಬನ ಸ್ಮೃತಿಯಿಂದ ಮಾಡಿದ ಪ್ರತಿ ದಿನಕಳೆದಂತೆ ಬೇರೆಯದೇ ಅನುಭವಗಳನ್ನು ಪಡೆದಾಗ ಅದು ಇನ್ನೂ ಪ್ರತಿಯೆ? 1987ರಲ್ಲಿ ಇದು ಚಮತ್ಕಾರದ ಪ್ರಶ್ನೆಯಾಗಿತ್ತು. 2023ರ ಜುಲೈನಿಂದ ನವೆಂಬರ್‌ವರೆಗೆ ನಡೆದ ಅಮೆರಿಕದ ನಟರ ಮುಷ್ಕರದಲ್ಲಿ ನಟರ ಡಿಜಿಟಲ್ ಪ್ರತಿರೂಪಗಳ ಬಳಕೆ, ಒಪ್ಪಿಗೆ ಮತ್ತು ಸಂಭಾವನೆಗಳು ಮುಖ್ಯ ವಿವಾದಗಳಾದವು. ಕಲ್ಪನೆ ದುಡಿಮೆಯ ಹಕ್ಕಿನ ಪ್ರಶ್ನೆಯಾಗಿ ಬದಲಾಗಿದೆ. ಮ್ಯಾಕ್ಸ್‌ನ ತೊದಲನ್ನು ಇಲ್ಲಿ ಕೈಬಿಡಬಾರದು. ದೋಷರಹಿತ ಪ್ರತಿರೂಪಗಳ ಈ ಕಾಲದಲ್ಲಿ ಅವನು ಸಂಸ್ಥೆಯ ಇಚ್ಛೆಗೆ ಪೂರ್ತಿ ಒಗ್ಗಿಲ್ಲವೆಂಬುದಕ್ಕೆ ಆ ತೊದಲೇ ಗುರುತು.

ಮೂರನೆಯದು ಬ್ಲ್ಯಾಂಕ್‌ಗಳ ಬದುಕು. ಮೂಲದಲ್ಲಿ ಬ್ಲ್ಯಾಂಕ್ ರೆಗ್ ಪುಟ್ಟ ಕಳ್ಳವಾಹಿನಿಯೊಂದನ್ನು ನಡೆಸುವ ಸಹಾಯಕ ಪಾತ್ರ. ಪುಸ್ತಕವೆಂಬ ಅಪರೂಪದ ವಸ್ತುವಿನ ಬೆಲೆಯನ್ನು ಬಲ್ಲವನು ಅವನು. ‘ಲೆಸನ್ಸ್’ ಎಂಬ ಕಂತಿನಲ್ಲಿ ಅಂಚಿನ ಜನರ ಮಕ್ಕಳಿಗೆ ಗುಟ್ಟಾಗಿ ಪಾಠ ಹೇಳುವುದು ಕಾನೂನುಬಾಹಿರವೆನಿಸುತ್ತದೆ; ಜ್ಞಾನವೂ ಹಣ ತೆತ್ತು ನೋಡಬೇಕಾದ ವಾಹಿನಿಯ ಸ್ವತ್ತು. ಸರಣಿ ಒಂದು ಕಂತಿಗೆ ಮುಗಿಸಿದ ಈ ವಸ್ತು ಒಂದು ಇಡೀ ಆವೃತ್ತಿಯನ್ನು ಪೋಷಿಸಬಲ್ಲದು. ದಾಖಲೆಯಲ್ಲಿಲ್ಲದವರು ಪರಸ್ಪರರನ್ನು ಹೇಗೆ ಗುರುತಿಸುತ್ತಾರೆ, ಏನನ್ನು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ನೆಟ್‌ವರ್ಕ್‌ನ ಲೋಕಕ್ಕೆ ಪ್ರತಿಲೋಕವನ್ನು ಒದಗಿಸುತ್ತದೆ.

ನಾಲ್ಕನೆಯದು, ನಿಶ್ಚಿತವಾದ ಅಂತ್ಯ. ಪಂಚಸಂಧಿಗಳನ್ನು ಐದು ಆವೃತ್ತಿಗಳಿಗೆ ಹಂಚಬಹುದು. ಸಂಕ್ಷಿಪ್ತ ಜಾಹೀರಾತುಗಳ ಪ್ರಕರಣ ಮತ್ತು ಮ್ಯಾಕ್ಸ್‌ನ ಜನನ ಮುಖಸಂಧಿ. ಎಡಿಸನ್ ಮತ್ತು ಅವನ ಪ್ರತಿಯ ದಾರಿಗಳು ಕವಲೊಡೆಯುವುದು ಪ್ರತಿಮುಖ. ಬ್ಲ್ಯಾಂಕ್‌ಗಳ ಲೋಕಪ್ರವೇಶ ಗರ್ಭ. ಮ್ಯಾಕ್ಸ್ ನೂರಾರು ಪ್ರತಿಗಳಾಗಿ ಮಾರಾಟಗೊಳ್ಳುವುದು ವಿಮರ್ಶ. ಇನ್ನು ನಿರ್ವಹಣಸಂಧಿಗೆ ಬೇಕಾದ ವಸ್ತುವನ್ನು ಮೂಲವೇ ಕೊಟ್ಟಿದೆ: ನಿಷಿದ್ಧವಾದ ಆ ಆರಿಸುವ ಗುಂಡಿ.

ದೀರ್ಘತೆ ಮತ್ತು ಪೂರ್ಣತೆ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಕಥನವೊಂದು ದೀರ್ಘಕಾಲ ನಡೆಯಲಿ, ಹೆಚ್ಚು ಜನ ನೋಡಲಿ ಎಂದು ಬಯಸುವುದು ನೆಟ್‌ವರ್ಕ್ 23ರ ಮೌಲ್ಯವೇ ಅಲ್ಲವೆ? ಆಕ್ಷೇಪ ನ್ಯಾಯವಾದುದು. 1986ರಲ್ಲಿ ಕೋಕಾ ಕೋಲದ ಜಾಹೀರಾತುಗಳಲ್ಲಿ ಕಾಣಿಸಿಕೊಂಡ ಮ್ಯಾಕ್ಸ್, ಮರುವರ್ಷ ಜಾಹೀರಾತುಗಳನ್ನೇ ಅಣಕಿಸುವ ಸರಣಿಯ ನಾಯಕನಾದ. ವಿಡಂಬನೆ ತಾನು ವಿಡಂಬಿಸುವುದರ ಅನ್ನವನ್ನೇ ಉಣ್ಣುವ ಸ್ಥಿತಿ ಇದು. ಇದಕ್ಕೆ ಪ್ರತಿಯಾದ ಇನ್ನೊಂದು ಘಟನೆಯೂ ಇದೆ. ಸರಣಿ ನಿಂತ ಮರುತಿಂಗಳು, 1987ರ ನವೆಂಬರ್ 22ರಂದು, ಮ್ಯಾಕ್ಸ್‌ನ ಮುಖವಾಡ ಧರಿಸಿದ ಅಜ್ಞಾತ ವ್ಯಕ್ತಿಯೊಬ್ಬ ಶಿಕಾಗೋದ ಎರಡು ವಾಹಿನಿಗಳ ಪ್ರಸಾರವನ್ನು ಅಪಹರಿಸಿ ಪರದೆಯ ಮೇಲೆ ಕಾಣಿಸಿಕೊಂಡ. ಅವನಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ವಾಹಿನಿ ಕೈಬಿಟ್ಟ ಪಾತ್ರ ಒಬ್ಬ ಬ್ಲ್ಯಾಂಕ್‌ನ ಮೂಲಕವೇ ವಾಹಿನಿಗೆ ನುಗ್ಗಿತೆನ್ನಬಹುದು.

ಆದ್ದರಿಂದ ಮರುಕಲ್ಪನೆಯ ಯಶಸ್ಸನ್ನು ಕಂತುಗಳ ಎಣಿಕೆಯಿಂದ ಅಳೆಯಲಾಗದು. ಬೀಜ ಫಲದವರೆಗೆ ತಲುಪಿತೆ ಎಂಬುದೇ ಮಾನದಂಡವಾಗಬೇಕು. ಎಎಂಸಿ ವಾಹಿನಿಗಾಗಿ ಫ್ರೂವರ್ ಅವರನ್ನೇ ಒಳಗೊಂಡ ಹೊಸ ರೂಪವೊಂದನ್ನು ಸಿದ್ಧಪಡಿಸುವ ಯೋಜನೆ 2022ರಲ್ಲಿ ಸುದ್ದಿಯಾಗಿತ್ತು. ಇಂಥ ಯಾವುದೇ ಪ್ರಯತ್ನ ಟೆಲಿವಿಷನ್ನಿನ ಜಾಗದಲ್ಲಿ ಮೊಬೈಲ್ ಪರದೆಯನ್ನು ಇಟ್ಟು ತೃಪ್ತಿಪಟ್ಟರೆ ಅದು ಹಳೆಯ ಸರಣಿಯ ಹೊಸ ಪ್ರತಿಯಷ್ಟೇ ಆದೀತು. ನೋಡುವುದನ್ನು ನಿಲ್ಲಿಸುವ ಸ್ವಾತಂತ್ರ್ಯವಿಲ್ಲದ ಲೋಕದ ಕಥೆ ಆ ಸ್ವಾತಂತ್ರ್ಯವನ್ನು ಪ್ರೇಕ್ಷಕನಿಗೆ ಮರಳಿಸಿಯೇ ಮುಗಿಯಬೇಕು. ಕೊನೆಯ ಕಂತಿನಲ್ಲಿ ಯಾರೋ ಒಬ್ಬರು ಗುಂಡಿಯನ್ನು ಒತ್ತಿ ಪರದೆಯನ್ನು ಆರಿಸಿದಾಗ ಆರುವುದು ನೆಟ್‌ವರ್ಕ್ 23 ಮಾತ್ರವಲ್ಲ, ನಾವು ನೋಡುತ್ತಿರುವ ಧಾರಾವಾಹಿಯೂ ಹೌದು. 1987ರಲ್ಲಿ ಆ ಗುಂಡಿಯನ್ನು ಒತ್ತಿದ್ದು ವಾಹಿನಿ. ಮರುಕಲ್ಪನೆಯಲ್ಲಿ ಅದನ್ನು ಒತ್ತುವ ಅಧಿಕಾರ ಕಥೆಗೆ ದೊರೆಯಬೇಕು.