‘ಸಾರಿ’ ಎಂಬ ಮಾತು, ಕ್ಷಮೆಯೆಂಬ ಧರ್ಮ

ಆಂಗ್ಲ ಭಾಷೆಯಿಂದ ಬಂದು ಕನ್ನಡದ ಮನೆಮಾತಿನಲ್ಲಿ ನೆಲೆಸಿರುವ ಪದಗಳಲ್ಲಿ ‘ಸಾರಿ’ ಎಂಬುದೂ ಒಂದು. ಬಸ್ಸಿನಲ್ಲಿ ಪಕ್ಕದವರ ಕಾಲು ತುಳಿದವರು ‘ಸಾರಿ’ ಎನ್ನುತ್ತಾರೆ. ತರಗತಿಗೆ ತಡವಾಗಿ ಬಂದ ಬಾಲಕನು ಬಾಗಿಲಲ್ಲಿಯೇ ನಿಂತು ‘ಸಾರಿ ಸಾರ್’ ಎನ್ನುತ್ತಾನೆ. ದೂರವಾಣಿಯಲ್ಲಿ ಮಾತು ಸ್ಪಷ್ಟವಾಗಿ ಕೇಳದಿದ್ದರೂ ‘ಸಾರಿ?’, ಕೇಳಿದ ವಸ್ತುವನ್ನು ಕೊಡಲು ಮನಸ್ಸಿಲ್ಲದಿದ್ದರೂ ‘ಸಾರಿ’. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಜಗಳವಾಡಿದ ಮೊಮ್ಮಗನಿಗೆ ‘ತಂಗಿಗೆ ಸಾರಿ ಹೇಳೋ’ ಎಂದು ಗದರಿಸುವುದುಂಟು. ಇಷ್ಟು ಸುಲಭವಾಗಿ ನಾಲಿಗೆಯಿಂದ ಜಾರುವ ಈ ಪದವು ಹುಟ್ಟಿದ್ದು ಮಾತ್ರ ಗಾಯದಿಂದ.

ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಆಂಗ್ಲ ಭಾಷೆಯಲ್ಲಿ ‘ಸಾರ್’ ಎಂದರೆ ನೋವು, ಹುಣ್ಣು, ಗಾಯ. ಗಂಟಲು ನೋವನ್ನು ಹೇಳುವಾಗ ಇಂದಿಗೂ ಬಳಕೆಯಲ್ಲಿರುವ ‘ಸೋರ್’ ಎಂಬ ಪದವು ಅದರದೇ ಈಗಿನ ರೂಪ. ಆ ‘ಸಾರ್’ನಿಂದ ಹುಟ್ಟಿದ ‘ಸಾರಿಗ್’ ಎಂಬ ವಿಶೇಷಣಕ್ಕೆ ನೋವಿನಿಂದ ತುಂಬಿದವನು, ಸಂಕಟಪಡುತ್ತಿರುವವನು ಎಂದು ಅರ್ಥ. ಕಾಲಕ್ರಮದಲ್ಲಿ ಕೊನೆಯ ವ್ಯಂಜನವು ಸವೆದುಹೋಯಿತು, ಮೊದಲ ಸ್ವರವೂ ಬದಲಾಯಿತು. ದುಃಖವನ್ನು ಸೂಚಿಸುವ ‘ಸಾರೋ’ ಎಂಬ ಪದವು ಇದರ ಒಡಹುಟ್ಟೆಂದು ತೋರಿದರೂ ಅದರ ಧಾತು ಬೇರೆ. ಅದು ಚಿಂತೆಯಿಂದ ಬಂದದ್ದು, ಇದು ಗಾಯದಿಂದ ಬಂದದ್ದು. ಬಳಕೆಯಲ್ಲಿ ಮಾತ್ರ ಎರಡೂ ಹತ್ತಿರ ಬಂದಿವೆ.

ಆದ್ದರಿಂದ ‘ಸಾರಿ’ ಎಂಬುದು ಮೊದಲಿಗೆ ಕ್ಷಮಾಯಾಚನೆಯ ಪದವೇ ಆಗಿರಲಿಲ್ಲ. ‘ನನ್ನ ಒಳಗೆ ನೋವಾಗಿದೆ’ ಎಂಬುದಷ್ಟೇ ಅದರ ಭಾವ. ಆಂಗ್ಲರು ಸಾವಿನ ಮನೆಗೆ ಹೋದಾಗ ಇದೇ ಪದವನ್ನು ಆಡುವುದು ಈ ಕಾರಣಕ್ಕಾಗಿಯೇ. ಅಲ್ಲಿ ಅವರು ತಪ್ಪೊಪ್ಪಿಕೊಳ್ಳುತ್ತಿಲ್ಲ, ದುಃಖದಲ್ಲಿ ಪಾಲುಗೊಳ್ಳುತ್ತಿದ್ದಾರೆ. ದೀನ ಸ್ಥಿತಿಯಲ್ಲಿರುವ ವಸ್ತುವನ್ನೋ ವ್ಯಕ್ತಿಯನ್ನೋ ಬಣ್ಣಿಸಲು ಇದೇ ಪದ ಒದಗುತ್ತದೆ. ವಾಕ್ಯದ ಉಳಿದ ಭಾಗವನ್ನು ಕಳಚಿಕೊಂಡು ‘ಸಾರಿ’ ಎಂಬ ಒಂದೇ ಪದವು ಕ್ಷಮೆಯ ಮಾತಾಗಿ ನಿಂತದ್ದು ಬಹುಕಾಲದ ಅನಂತರ, 19ನೇ ಶತಮಾನದಲ್ಲಿ. ವಾಕ್ಯವು ಚಿಕ್ಕದಾದಂತೆ ಅದರೊಳಗಿನ ನೋವೂ ಚಿಕ್ಕದಾಯಿತೇನೋ!

ಇದೇ ಅರ್ಥವಲಯದ ಬೇರೆ ಪದಗಳ ಮೂಲವೂ ವಿಚಾರಾರ್ಹವಾಗಿದೆ. ‘ಅಪಾಲಜಿ’ ಎಂಬುದರ ಮೂಲವಾದ ಗ್ರೀಕ್ ಪದಕ್ಕೆ ನ್ಯಾಯಾಲಯದಲ್ಲಿ ತನ್ನ ಪರವಾಗಿ ಮಾಡುವ ಸಮರ್ಥನೆ ಎಂದು ಅರ್ಥ. ಕ್ರಿ.ಪೂ. 399ರಲ್ಲಿ ಅಥೆನ್ಸ್ ನಗರದಲ್ಲಿ ವಿಚಾರಣೆಗೆ ಒಳಗಾದ ಸಾಕ್ರಟೀಸನ ವಾದವನ್ನು ಪ್ಲೇಟೋ ಆ ಹೆಸರಿನಲ್ಲಿಯೇ ಬರೆದಿಟ್ಟಿದ್ದಾನೆ. ಅದರಲ್ಲಿ ಸಾಕ್ರಟೀಸನು ಯಾರ ಕ್ಷಮೆಯನ್ನೂ ಬೇಡುವುದಿಲ್ಲ. ಲ್ಯಾಟಿನ್ ಮೂಲದ ‘ಎಕ್ಸ್‌ಕ್ಯೂಸ್’ ಎಂದರೆ ಆರೋಪದಿಂದ ಹೊರಬರುವುದು. ಅದೇ ಮೂಲದ ‘ಪಾರ್ಡನ್’ ಎಂದರೆ ಪೂರ್ಣವಾಗಿ ಕೊಟ್ಟುಬಿಡುವುದು. ಒಂದರಲ್ಲಿ ಸಮರ್ಥನೆ, ಒಂದರಲ್ಲಿ ಬಿಡುಗಡೆ, ಒಂದರಲ್ಲಿ ದಾನ. ಇವುಗಳ ನಡುವೆ ‘ಸಾರಿ’ ಒಂದರಲ್ಲಿಯೇ ನೋವಿದೆ.

ನಮ್ಮ ಭಾಷೆಯ ಪದಗಳತ್ತಲೂ ದೃಷ್ಟಿ ಹರಿಸಬೇಕು. ‘ಕ್ಷಮೆ’ ಎಂಬ ಸಂಸ್ಕೃತ ಪದದ ಧಾತುವಿಗೆ ಸಹಿಸು ಎಂದು ಅರ್ಥ. ಎಲ್ಲರ ಭಾರವನ್ನೂ ಹೊತ್ತು ಸಹಿಸುವ ಭೂಮಿಗೂ ‘ಕ್ಷಮಾ’ ಎಂಬ ಹೆಸರಿದೆ. ಕನ್ನಡದ ‘ಮನ್ನಿಸು’ ಎಂಬುದಕ್ಕೆ ಕ್ಷಮಿಸು ಎಂಬಂತೆಯೇ ಗೌರವಿಸು ಎಂಬ ಅರ್ಥವೂ ಇದೆ. ‘ಮನ್ನಣೆ’ಯಲ್ಲಿ ಅದು ಉಳಿದುಕೊಂಡಿದೆ. ‘ತಪ್ಪಾಯಿತು’ ಎಂಬ ಮಾತಿನಲ್ಲಿ ಮಾತ್ರ ಒಂದು ಜಾಣತನವಿದೆ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಅಲ್ಲಿ ತಪ್ಪೇ ಕರ್ತೃ. ಮಳೆಯಾಯಿತು, ಬೆಳಗಾಯಿತು ಎಂಬಂತೆ ತಪ್ಪು ತಾನಾಗಿಯೇ ಆದಂತಿದೆ. ಮಾಡಿದವನು ವಾಕ್ಯದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ!

ಜೈನ ಪರಂಪರೆಯ ಕ್ಷಮಾಯಾಚನೆಯಾದ ‘ಮಿಚ್ಛಾಮಿ ದುಕ್ಕಡಂ’ ಎಂಬ ಪ್ರಾಕೃತ ನುಡಿಯ ವೈಶಿಷ್ಟ್ಯವು ಇಲ್ಲಿ ಎದ್ದು ಕಾಣುತ್ತದೆ. ಸಂಸ್ಕೃತದಲ್ಲಿ ಅದು ‘ಮಿಥ್ಯಾ ಮೇ ದುಷ್ಕೃತಂ’ ಎಂದಾಗುತ್ತದೆ. ನನ್ನ ದುಷ್ಕೃತ್ಯವು ಮಿಥ್ಯೆಯಾಗಲಿ, ನಿಷ್ಫಲವಾಗಲಿ ಎಂಬುದು ಅದರ ತಾತ್ಪರ್ಯ. ನಡುವೆ ಇರುವ ‘ಮಿ’ ಎಂಬ ಒಂದಕ್ಷರವೇ ‘ನನ್ನ’ ಎಂಬುದನ್ನು ಹೇಳುತ್ತದೆ. ತಪ್ಪು ಪರಿಸ್ಥಿತಿಯದಲ್ಲ, ಕಾಲದ್ದಲ್ಲ, ಎದುರಿನವನದಲ್ಲ, ಅದು ನನ್ನದು. ಈ ಒಪ್ಪಿಗೆಯಿಲ್ಲದೆ ಪ್ರತಿಕ್ರಮಣವು ಆರಂಭವಾಗುವುದೇ ಇಲ್ಲ.

ಪ್ರತಿಕ್ರಮಣವೆಂದರೆ ಹಿಂದಿರುಗುವುದು. ದಾರಿ ತಪ್ಪಿದ ಆತ್ಮವು ತನ್ನ ನೆಲೆಗೆ ಮರಳುವ ಕ್ರಿಯೆ ಅದು. ಹಗಲಿನ ದೋಷಗಳಿಗೆ ದೈವಸಿಕ, ಇರುಳಿನವಕ್ಕೆ ರಾತ್ರಿಕ, ಹದಿನೈದು ದಿನಗಳಿಗೆ ಪಾಕ್ಷಿಕ, ನಾಲ್ಕು ತಿಂಗಳಿಗೆ ಚಾತುರ್ಮಾಸಿಕ, ವರ್ಷಕ್ಕೆ ಸಾಂವತ್ಸರಿಕ ಎಂದು ಅದಕ್ಕೆ ಕಾಲವನ್ನು ಗೊತ್ತುಪಡಿಸಲಾಗಿದೆ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತವನ್ನು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದಾಗಿ ಎಣಿಸಿ, ಅದರ ಒಂಬತ್ತು ಭೇದಗಳಲ್ಲಿ ‘ಆಲೋಚನೆ’ಯನ್ನು ಮೊದಲು ಹೇಳಿದೆ. ಇಲ್ಲಿ ಆಲೋಚನೆಯೆಂದರೆ ಬರಿಯ ಚಿಂತನೆಯಲ್ಲ. ಮಾಡಿದ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದು. ಕನ್ನಡದಲ್ಲಿ ‘ಸಾರಿ ಹೇಳು’ ಎಂದರೆ ಎಲ್ಲರಿಗೂ ಕೇಳುವಂತೆ ಹೇಳು ಎಂಬ ಹಳೆಯ ಅರ್ಥವೊಂದಿದೆ. ಆಂಗ್ಲ ಪದಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ. ಆದರೂ ಮುಚ್ಚಿಡದೆ ಹೇಳಿದಾಗಲೇ ‘ಸಾರಿ’ಗೆ ಬೆಲೆ ಎಂಬುದನ್ನು ಆ ಕಾಕತಾಳೀಯವೇ ಸೂಚಿಸುವಂತಿದೆ.

ಬಾಯಿಮಾತಿನ ಕ್ಷಮೆಗೂ ನಿಜವಾದ ಕ್ಷಮೆಗೂ ಇರುವ ಅಂತರವನ್ನು ಶ್ವೇತಾಂಬರ ಸಂಪ್ರದಾಯದ ಒಂದು ಪ್ರಾಚೀನ ಕಥೆ ಮನಮುಟ್ಟುವಂತೆ ತಿಳಿಸುತ್ತದೆ. ಸಿಂಧು ಸೌವೀರ ದೇಶದ ರಾಜನಾದ ಉದಾಯನನು ಶ್ರಾವಕ ವ್ರತಧಾರಿ. ಉಜ್ಜಯಿನಿಯ ಚಂಡಪ್ರದ್ಯೋತನು ಅವನ ಅರಮನೆಯ ದಾಸಿಯನ್ನೂ ಜಿನಬಿಂಬವನ್ನೂ ಅಪಹರಿಸಿದನು. ಉದಾಯನನು ದಂಡೆತ್ತಿ ಹೋಗಿ ಅವನನ್ನು ಸೋಲಿಸಿ, ಸೆರೆಹಿಡಿದು, ಹಣೆಯ ಮೇಲೆ ‘ದಾಸೀಪತಿ’ ಎಂಬ ಬರೆ ಹಾಕಿಸಿದನು. ಮರಳುವ ದಾರಿಯಲ್ಲಿ ಮಳೆಗಾಲ ಬಂದುದರಿಂದ ಸೈನ್ಯವು ಬೀಡುಬಿಟ್ಟಿತು. ಪರ್ಯುಷಣದ ದಿನ ಉದಾಯನನು ಉಪವಾಸವಿದ್ದನು. ‘ಇಂದು ತಮಗೇನು ಅಡುಗೆ ಮಾಡಲಿ?’ ಎಂದು ಬಾಣಸಿಗನು ಬಂದು ಕೇಳಿದಾಗ ಸೆರೆಯಾಳಿಗೆ ಸಂಶಯವಾಯಿತು. ಎಂದೂ ಕೇಳದವನು ಇಂದೇಕೆ ಕೇಳುತ್ತಾನೆ, ವಿಷವಿಕ್ಕುವ ಉಪಾಯವಿರಬಹುದೇ ಎಂದು ಶಂಕಿಸಿ, ‘ನನ್ನ ತಂದೆತಾಯಿಗಳೂ ಶ್ರಾವಕರೇ, ನನಗೂ ಇಂದು ಉಪವಾಸ’ ಎಂದುಬಿಟ್ಟನು.

ಈ ಸುದ್ದಿ ಉದಾಯನನಿಗೆ ಮುಟ್ಟಿತು. ಪ್ರದ್ಯೋತನ ಮಾತು ಕಪಟವೆಂಬುದು ಅವನಿಗೆ ತಿಳಿಯದಿರಲಿಲ್ಲ. ಆದರೆ ಅವನ ಯೋಚನೆಯೇ ಬೇರೆಯಾಗಿತ್ತು. ಒಬ್ಬನನ್ನು ಸಂಕೋಲೆಯಲ್ಲಿಟ್ಟು ಅವನ ಮುಂದೆ ಕ್ಷಮಾಪಣೆ ಮಾಡಿದರೆ ತನ್ನ ಪರ್ಯುಷಣವು ಶುದ್ಧವಾದೀತೇ? ಅವನು ಪ್ರದ್ಯೋತನನ್ನು ಬಿಡಿಸಿ, ಕ್ಷಮೆ ಕೇಳಿ, ಹಣೆಯ ಬರೆ ಕಾಣದಂತೆ ಚಿನ್ನದ ಪಟ್ಟವನ್ನು ಕಟ್ಟಿಸಿ, ರಾಜ್ಯವನ್ನು ಹಿಂದಿರುಗಿಸಿದನು. ತಾನು ಹಾಕಿದ ಗಾಯವನ್ನು ತಾನೇ ಮುಚ್ಚಿದ ಮೇಲೆಯೇ ಅವನ ಮಾತಿಗೆ ಅರ್ಥ ಬಂದಿತು. ಮೊದಲ ತಪ್ಪು ಪ್ರದ್ಯೋತನದೇ ಆಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ‘ಅವನೇ ಮೊದಲು ಕೇಳಲಿ’ ಎಂದು ಉದಾಯನನು ಕಾಯಲಿಲ್ಲ.

ಆಧುನಿಕ ಕಾಲದಲ್ಲಿ ಈ ಒಂದು ಪದಕ್ಕಾಗಿ ಒಂದು ದೇಶದ ಜನರೇ ಕಾದ ಪ್ರಸಂಗವಿದೆ. ಆಸ್ಟ್ರೇಲಿಯದಲ್ಲಿ ದಶಕಗಳ ಕಾಲ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರಿ ನೀತಿಯಂತೆ ಹೆತ್ತವರಿಂದ ಕಿತ್ತು ಬೇರೆಡೆ ಬೆಳೆಸಲಾಯಿತು. 1997ರಲ್ಲಿ ಆ ಕುರಿತ ವಿಚಾರಣಾ ವರದಿ ಹೊರಬಂದಿತು. ಮರುವರ್ಷದ ಮೇ 26ರಂದು ಜನರು ‘ರಾಷ್ಟ್ರೀಯ ಸಾರಿ ದಿನ’ವನ್ನು ಆಚರಿಸಿದರು. 1999ರಲ್ಲಿ ಸಂಸತ್ತು ವಿಷಾದ ವ್ಯಕ್ತಪಡಿಸಿತಾದರೂ ‘ಸಾರಿ’ ಎಂಬ ಪದವನ್ನು ಬಳಸಲಿಲ್ಲ. ಕೊನೆಗೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಅವರು ಸಂಸತ್ತಿನಲ್ಲಿ ಆ ಪದವನ್ನು ಉಚ್ಚರಿಸಿದಾಗ ಅನೇಕ ವೃದ್ಧರ ಕಣ್ಣುಗಳು ತುಂಬಿಬಂದವು. ಆ ಮೂಲನಿವಾಸಿಗಳ ಆಂಗ್ಲ ನುಡಿಯಲ್ಲಿ ಸಾವಿನ ಶೋಕಾಚರಣೆಗೂ ‘ಸಾರಿ’ಯ ಹೆಸರೇ ಇದೆ. ಪದದ ಮೂಲದಲ್ಲಿದ್ದ ನೋವನ್ನು ಅವರು ಮರೆತಿರಲಿಲ್ಲ.

ನೋವನ್ನು ಮನಸ್ಸಿನಲ್ಲಿ ಬಹುಕಾಲ ಉಳಿಸಿಕೊಂಡರೆ ಆಗುವ ಹಾನಿಯನ್ನು ಜೈನ ಕರ್ಮಸಿದ್ಧಾಂತವು ಸೂಕ್ಷ್ಮವಾಗಿ ವಿವೇಚಿಸಿದೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಲಾಗಿದೆ: ಕಲ್ಲಿನ ಬಿರುಕು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ನೀರಿನ ಗೆರೆ ಎಳೆದೊಡನೆ ಅಳಿಯುತ್ತದೆ, ಧೂಳಿನದು ಗಾಳಿಗೆ ಅಳಿಯುತ್ತದೆ, ನೆಲದ ಬಿರುಕು ಮಳೆಗೆ ಕೂಡಿಕೊಳ್ಳುತ್ತದೆ. ಕಲ್ಲಿನ ಬಿರುಕು ಮಾತ್ರ ಕೂಡುವುದು ದುಸ್ತರ. ಗೆರೆಯು ಬಿರುಕಾಗುವ ಮೊದಲೇ, ಬಿರುಕು ಕಲ್ಲಾಗುವ ಮೊದಲೇ ಅಳಿಸಿಕೊಳ್ಳಲೆಂದೇ ಪ್ರತಿಕ್ರಮಣಕ್ಕೆ ದಿನ, ಪಕ್ಷ, ವರ್ಷಗಳ ಗಡಿಗಳಿವೆ.

ಸ್ವತಃ ಬಾಹುಬಲಿಯ ಚರಿತೆಯಲ್ಲಿಯೂ ಈ ನೋವಿನ ಎಳೆಯಿದೆ. ಜಿನಸೇನಾಚಾರ್ಯರ ಆದಿಪುರಾಣವು ಹೇಳುವಂತೆ, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಮುನಿಯ ಹೃದಯದಲ್ಲಿ ‘ನನ್ನಿಂದ ಭರತನಿಗೆ ಕ್ಲೇಶವಾಯಿತು’ ಎಂಬ ಭಾವವೊಂದು ಉಳಿದಿತ್ತು. ಭರತನು ಬಂದು ಪೂಜಿಸಿದಾಗ ಆ ಎಳೆಯೂ ಕಳಚಿ ಕೇವಲಜ್ಞಾನವು ಉದಯಿಸಿತು. ಬಳ್ಳಿ ಹಬ್ಬಿದ ದೇಹಕ್ಕೆ ಬಾಧೆಯಿರಲಿಲ್ಲ. ಅಣ್ಣನ ನೋವು ಮಾತ್ರ ಬಾಧಿಸುತ್ತಿತ್ತು.

ದಿಗಂಬರ ಪರಂಪರೆಯಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದರ ಮೊದಲ ದಿನವೇ ಉತ್ತಮ ಕ್ಷಮಾ ಧರ್ಮದ್ದು. ಪರ್ವ ಮುಗಿದ ಮೇಲೆ ಕ್ಷಮಾವಣಿ. ಶ್ವೇತಾಂಬರರ ಪರ್ಯುಷಣವೂ ಸಂವತ್ಸರಿಯ ಕ್ಷಮಾಪಣೆಯಲ್ಲಿಯೇ ಪೂರ್ಣಗೊಳ್ಳುತ್ತದೆ. ಆ ದಿನಗಳಲ್ಲಿ ಇಂದು ಮೊಬೈಲುಗಳಿಗೆ ನೂರಾರು ಸಂದೇಶಗಳು ಬಂದು ಬೀಳುತ್ತವೆ. ಹೂವಿನ ಚಿತ್ರ, ಕೈಮುಗಿದ ಚಿತ್ರ, ಕೆಳಗೆ ಕುಟುಂಬದ ಹೆಸರು. ಎಂದೂ ನೋಯಿಸದವರಿಗೆ, ಮುಖಪರಿಚಯವೂ ಇಲ್ಲದವರಿಗೆ ಅದು ತಲುಪುತ್ತದೆ. ಜಮೀನಿನ ಪಾಲಿನ ಜಗಳದಲ್ಲಿ ಮಾತು ಬಿಟ್ಟ ತಮ್ಮನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಗೋಡೆಯಾಚೆಗೆ ಅವನ ಮನೆಯ ಘಂಟೆಯ ಸದ್ದು ಕೇಳುತ್ತಿದ್ದರೂ ಹತ್ತು ಹೆಜ್ಜೆ ಇಡಲು ಕಾಲು ಬರುವುದಿಲ್ಲ. ಮಾನಕಷಾಯವು ಕಾಲಿಗೆ ಬಿದ್ದ ಸಂಕೋಲೆ; ಅದನ್ನು ಹೊರಗಿನವರು ಕಳಚಲಾರರು.

ಸಂದೇಶ ಕಳಿಸುವುದು ತಪ್ಪಲ್ಲ, ಅದಷ್ಟೇ ಸಾಕೆಂದು ತಿಳಿಯುವುದು ತಪ್ಪು. ‘ಸಾರಿ’ ಎನ್ನಲಿ, ‘ತಪ್ಪಾಯಿತು’ ಎನ್ನಲಿ, ‘ಮಿಚ್ಛಾಮಿ ದುಕ್ಕಡಂ’ ಎನ್ನಲಿ, ಮೂರು ಸಂಗತಿಗಳು ಕೂಡಿದಾಗಲೇ ಆ ಮಾತು ಧರ್ಮವಾಗುತ್ತದೆ. ಎದುರಿನವನ ಗಾಯವು ತನಗೂ ನೋಯಬೇಕು. ತಪ್ಪು ತನ್ನದೆಂಬ ಅರಿವಿರಬೇಕು. ಮತ್ತೆ ಮಾಡೆನೆಂಬ ಪ್ರತ್ಯಾಖ್ಯಾನವಿರಬೇಕು. ಇವಿಲ್ಲದಿದ್ದರೆ ಒಂದು ಸಾರಿಯಲ್ಲ, ನೂರು ಸಾರಿ ‘ಸಾರಿ’ ಎಂದರೂ ಅದು ತುಟಿಯ ಮೇಲಿನ ಶಬ್ದ ಮಾತ್ರ. ಇವಿದ್ದರೆ, ಮಾತೇ ಹೊರಡದೆ ಬಾಗಿಲಲ್ಲಿ ನಿಂತ ಅಣ್ಣನನ್ನು ಕಂಡು ತಮ್ಮನು ‘ಒಳಗೆ ಬಾ ಅಣ್ಣ’ ಎನ್ನುವನು.